ಬೆನ್ನ ಹಿಂದಿನ ಮಾವ

ಗಜಾನನನಿಗೆ ಮೌನವೆಂದರೆ ಪ್ರಾಣ. ಆ ಮೌನವನ್ನು ಚೆನ್ನಾಗಿ ಕೇಳಿಸಿಕೊಳ್ಳಲೆಂದೇ ಅವನು ಗೋಕಾಕದ ತನ್ನ ಬಾಡಿಗೆ ಮನೆಯ ಹಾಲಿನಲ್ಲಿ ಐದು ಸ್ಪೀಕರ್, ಒಂದು ಬೇಸ್ ಡಬ್ಬಿ ಕೂರಿಸಿದ್ದ. ಮುಂದೆ ಮೂರು, ಹಿಂದೆ ಎರಡು, ನಟ್ಟನಡುವೆ ಒಂದೇ ಒಂದು ಕುರ್ಚಿ. ಸೋಫಾ ಮಲಗುವ ಕೋಣೆ ಸೇರಿತ್ತು. ಮನೆಗೆ ಬಂದವರು ಆ ಕುರ್ಚಿಯೊಂದನ್ನು ಬಿಟ್ಟು ಎಲ್ಲಿ ಬೇಕಾದರೂ ನಿಲ್ಲಬಹುದಿತ್ತು.

ಹಳೆಯ ಆಲ್ಬಮ್‌ಗಳ ದನಿಗಳನ್ನು ಬಿಡಿಸಿ, ಒಂದೊಂದನ್ನೂ ಒಂದೊಂದು ದಿಕ್ಕಿಗೆ ಹಂಚಿ ಹೊಸದಾಗಿ ಮಿಕ್ಸ್ ಮಾಡುತ್ತಾರೆಂದು ತಿಳಿದ ದಿನದಿಂದ ಅವನ ಭಾನುವಾರಗಳೆಲ್ಲ ಆ ಕುರ್ಚಿಯಲ್ಲೇ ಕಳೆದಿದ್ದವು. ಮದುವೆಯ ಹೊಸತರಲ್ಲಿ ಹೆಂಡತಿ ರಾಧಿಕಾಳನ್ನೂ ಅಲ್ಲಿ ಕೂರಿಸಿ ಕಣ್ಣು ಮುಚ್ಚಲು ಹೇಳಿದ್ದ.

“ಈಗ ಹಿಂದ, ಎಡಕ್ಕ, ಏನ್ ಕೇಳಸಾಕತ್ತೈತಿ?”

“ಏನೂ ಇಲ್ರಿ.”

“ಅದ! ಆ ಏನೂ ಇಲ್ಲದ್ದನ್ನ ಕೇಳು.”

“ಏನೂ ಇಲ್ಲದ್ದನ್ನ ಕೇಳಾಕ ಇಷ್ಟ ವಾಯರ್ ಬೇಕಾತೇನ್ರಿ?” ಎಂದು ಅವಳು ಎದ್ದು ಹೋಗಿ ರೊಟ್ಟಿ ಬಡಿಯತೊಡಗಿದ್ದಳು. ಆ ಸಪ್ಪಳಕ್ಕೆ ಯಾವ ಸ್ಪೀಕರೂ ಸಮವಾಗಿರಲಿಲ್ಲ.

ಎಂ.ಎ. ಮುಗಿಸಿದವನಾದ್ದರಿಂದ ಗಜಾನನ ತನ್ನ ಮೂಕತನಕ್ಕೆ ಅಂತರ್ಮುಖತೆ ಎಂದು ಹೆಸರಿಟ್ಟುಕೊಂಡಿದ್ದ. ಮೂಡಲಗಿಯ ಮಾವ ರಾಚಪ್ಪನವರು ಅದಕ್ಕೆ ಸೊಕ್ಕು ಎಂದು ಹೆಸರಿಟ್ಟಿದ್ದರು. ಅವರು ಭಜನಾ ಮೇಳದಲ್ಲಿ ಮುಂದೆ ಕುಳಿತು ಪದ ಎತ್ತಿಕೊಡುವವರು. ತಾವೊಂದು ಮಾತಾಡಿದರೆ ಎದುರಿನವರು ಹಿಮ್ಮೇಳದಂತೆ ಅದನ್ನು ಹಿಡಿಯಬೇಕು ಎಂಬುದು ಅವರ ರೂಢಿ. ಅಳಿಯನೋ, ಅವರು ಮಳೆ, ಕಬ್ಬು, ಮೇಳದ ಜಗಳ ಎಲ್ಲ ಹೇಳಿ ಮುಗಿಸಿದ ಮೇಲೆ “ಹೂಂ” ಎಂದು ಕಿಟಕಿ ನೋಡುತ್ತಿದ್ದ. ಹಾಗಾಗಿ ಸಂತೆಗೆ ಬಂದಾಗ ರಾಚಪ್ಪನವರು ಮಗಳ ಮನೆಯ ಹೊಸ್ತಿಲಲ್ಲೇ ನಿಂತು ಚಹಾ ಕುಡಿದು, ಸಂಜೆಯ ಬಸ್ಸಿಗೆ ಹೊರಟುಬಿಡುತ್ತಿದ್ದರು.

“ಅಪ್ಪ ಒಂದ ದಿನಾ ನಮ್ಮನ್ಯಾಗ ವಸ್ತಿ ಇರ್ಲಿಲ್ಲ,” ಎಂದು ರಾಧಿಕಾ ಒಮ್ಮೆ ಕಣ್ಣೀರು ತೆಗೆದಳು. “ಬಾಜೂ ಮನಿಯವ್ರು ಕೇಳ್ತಾರ, ಏನ್ ಹೇಳ್ಲಿ? ನೀವ್ ನಾಕ ಮಾತ ಆಡಿದ್ರ ನಿಮ್ಮ ಗಂಟೇನ ಹೊಕ್ಕೈತ್ರಿ?”

ಗಜಾನನ ಇದನ್ನು ಬಹಳ ಆಳವಾಗಿ ಯೋಚಿಸಿದ. ನಾಲ್ಕು ಮಾತಿಗಿಂತ ಐದು ಸ್ಪೀಕರ್ ಸುಲಭ ಎಂಬ ತೀರ್ಮಾನಕ್ಕೆ ಬಂದ.

ಮಾವನ ಮೇಳದ್ದೊಂದು ಆಲ್ಬಮ್ ಇತ್ತು. ಹುಕ್ಕೇರಿಯ ಮೈನೋದ್ದೀನ ತನ್ನ ಸಣ್ಣ ಸ್ಟುಡಿಯೋದಲ್ಲಿ ಒಬ್ಬೊಬ್ಬರಿಗೂ ಒಂದೊಂದು ಮೈಕ್ ಕೊಟ್ಟು ರೆಕಾರ್ಡ್ ಮಾಡಿದ್ದು. ದನಿಗಳೆಲ್ಲ ಬೇರೆಬೇರೆಯಾಗಿ ಅವನ ಕಂಪ್ಯೂಟರಿನಲ್ಲಿ ಇನ್ನೂ ಇದ್ದವು. ಗಜಾನನ ಬಸ್ಸು ಹತ್ತಿ ಹುಕ್ಕೇರಿಗೆ ಹೋದ.

“ಮಾಡೂಣ್ರಿ ಸರ್,” ಎಂದ ಮೈನೋದ್ದೀನ. “ಯಾರನ್ನ ಎಲ್ಲೆ ಕುಂಡ್ರಸ್ಲಿ?”

ಗಜಾನನ ಕಣ್ಣು ಮುಚ್ಚಿದ. “ತಬಲಾ, ಪೇಟಿ ಮುಂದ. ಹಿಮ್ಮೇಳದ ಸತ್ತೆಪ್ಪನ ದನೀನೂ ಮುಂದ. ಮಾವಾರ ದನಿ ಮಾತ್ರ ಹಿಂದಿಂದ ಬರ್ಬೇಕು.”

“ಹಿರೇರನ್ನ ಹಿಂದ ಹಾಕೂದೇನ್ರಿ?”

“ಅದೊಂದು ಅನುಭವ ಮೈನೋದ್ದೀನ.”

“ಅನುಭವ ಆಕ್ಕೈತಿ ಬಿಡ್ರಿ,” ಎಂದು ಅವನು ಕೆಲಸಕ್ಕೆ ಕುಳಿತ.

ಸತ್ತೆಪ್ಪ ಮೇಳದಲ್ಲಿ ಮುಂದೆ ಕೂರಲು ಜೀವಮಾನವಿಡೀ ಹವಣಿಸಿದವನು, ರಾಚಪ್ಪನವರು ಅವನನ್ನು ಜೀವಮಾನವಿಡೀ ಹಿಂದೆಯೇ ಕೂರಿಸಿದವರು. ಇದು ಮೂಡಲಗಿಯ ಬಸ್ ಸ್ಟ್ಯಾಂಡಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಅಳಿಯನಿಗೆ ಮಾತ್ರ ಗೊತ್ತಿರಲಿಲ್ಲ. ಮಾವ ಅದನ್ನು ಹೇಳಿದಾಗಲೆಲ್ಲ ಅವನು ಕಿಟಕಿ ನೋಡುತ್ತಿದ್ದನಲ್ಲ.

ಮುಂದಿನ ಸಂತೆಯ ದಿನ ರಾಧಿಕಾ ತಂದೆಯನ್ನು ಕೈಹಿಡಿದು ಒಳಗೆ ಕರೆತಂದಳು. “ನಿನ್ನ ಪದಾನ ಹೊಸದಾಗಿ ಮಾಡ್ಸ್ಯಾರ ಅಪ್ಪಾ, ಕೇಳಿ ಹೋಗು.” ರಾಚಪ್ಪನವರು ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು ಕುರ್ಚಿಯ ತುದಿಯಲ್ಲಿ ಕುಳಿತರು. ಗಜಾನನ ಗುಂಡಿ ಒತ್ತಿದ.

ತಬಲಾ ಮುಂದೆ ಮಿಡಿಯಿತು. ಹಾರ್ಮೋನಿಯಂ ಪೇಟಿ ಬಲಕ್ಕೆ ಉಸಿರೆಳೆಯಿತು. ಮಾವನ ಮುಖ ಅರಳುತ್ತಿರುವುದನ್ನು ಗಜಾನನ ಕಂಡ. ಆಮೇಲೆ ಪದ ಶುರುವಾಯಿತು, ಮುಖ ಮುಚ್ಚಿತು. ರಾಚಪ್ಪನವರು ಕತ್ತು ಹೊರಳಿಸಿ ಹಿಂದಿನ ಸ್ಪೀಕರನ್ನು ದಿಟ್ಟಿಸಿದರು.

“ರಾಧಿಕಾ, ಹಿಂದ ಹಾಡಾಂವ ಯಾಂವ?”

“ನೀನ ಅಪ್ಪಾ.”

“ಮುಂದ?”

ಅವಳು ಗಂಡನನ್ನು ನೋಡಿ ಸಣ್ಣಗೆ ಹೇಳಿದಳು, “ಸತ್ತೆಪ್ಪ ಕಾಕಾ.”

ರಾಚಪ್ಪನವರು ಎದ್ದು ರುಮಾಲು ಸುತ್ತಿಕೊಂಡರು. “ಇಷ್ಟ ವರ್ಷ ಒದ್ದಾಡಿದ್ರೂ ಆ ಮಗಗ ನನ್ನ ಜಾಗಾ ಸಿಕ್ಕಿದ್ದಿಲ್ಲ. ನಮ್ಮ ಅಳೇರು ಮನಿಗೆ ಕರದು, ಅಂವನ್ನ ಮುಂದ ಕುಂಡ್ರಿಸಿ ತೋರ್ಸಿದ್ರು. ಬಸ್ಸಿನ ಹೊತ್ತಾತು.”

ಗಜಾನನ ಗಾಬರಿಯಲ್ಲಿ ಹಾಡು ನಿಲ್ಲಿಸಿದ. ಐದೂ ಸ್ಪೀಕರುಗಳಿಂದ ಒಮ್ಮೆಗೇ ಮೌನ ಬಂತು, ಶುದ್ಧವಾದ, ಗರಗರವಿಲ್ಲದ ಮೌನ. ಇದಕ್ಕಾಗಿಯೇ ಅಲ್ಲವೇ ಅವನು ಇಷ್ಟೆಲ್ಲ ವಾಯರ್ ಎಳೆದದ್ದು? ಅದರೊಳಗೆ ಮಾವನ ಚಪ್ಪಲಿ ಹುಡುಕುವ ಸಪ್ಪಳ, ಹೆಂಡತಿ ಮೂಗೆಳೆದುಕೊಳ್ಳುವ ಸಪ್ಪಳ ಎಷ್ಟು ಚೆನ್ನಾಗಿ ಕೇಳುತ್ತಿದ್ದವು! ಇಂಥ ಮೌನದಲ್ಲಿ ಅರೆಗಳಿಗೆಯೂ ನಿಲ್ಲಲಾಗದೆಂದು ಅವನಿಗೆ ಅನ್ನಿಸಿತು.

“ಮಾವಾರ, ನಿಲ್ರಿ,” ಎಂದ. ತನ್ನ ದನಿ ತನಗೇ ಅಪರಿಚಿತವಾಗಿತ್ತು. “ತಪ್ಪು ನಂದ್ರಿ. ಹಿರೇರನ್ನ ಹಿಂದ ಹಾಕೂದೇನು ಅಂತ ಮೈನೋದ್ದೀನ ಕೇಳಿದ್ದಾ. ನನ್ನಪ್ಪ ಹೋದಮ್ಯಾಲ ಬೆನ್ನ ಹಿಂದ ಯಾರೂ ಇಲ್ಲ ಅನಸ್ತಿತ್ತು. ನಿಮ್ಮ ದನಿ ಅಲ್ಲಿದ್ರ ಧೈರ್ಯ ಅಂತ ಮಾಡ್ಸಿದ್ನಿ. ಸತ್ತೆಪ್ಪನವರ ಸುದ್ದಿ ನಂಗ ಖರೇನ ಗೊತ್ತಿರ್ಲಿಲ್ಲ.”

“ಹತ್ತ ಸಲ ಹೇಳೇನಿ!”

“ಹೇಳೀರಿ. ನಂಗ ಸೊಕ್ಕಿಲ್ರಿ, ಅಂಜಿಕಿ ಐತಿ. ಏನ್ ಅನ್ಬೇಕು ಅಂತ ನಾ ವಿಚಾರ ಮಾಡೂದ್ರಾಗ ನೀವ್ ಮುಂದಿನ ಮಾತಿಗೆ ಹೋಗಿರ್ತೀರಿ. ಅದ್ನ ಹಿಡ್ಯಾಕ ಹೋದ್ರ ಇದು ತಪ್ತೈತಿ. ಹಿಂಗಾಗಿ ಕಿಡಕಿ ನೋಡ್ತೇನಿ.”

ರಾಧಿಕಾ ಬಾಯಿ ತೆರೆದು ನಿಂತಿದ್ದಳು. ಗಂಡನ ಬಾಯಿಂದ ಇಷ್ಟು ಮಾತು ಒಟ್ಟಿಗೆ ಬಂದದ್ದನ್ನು ಅವಳೂ ಕೇಳಿರಲಿಲ್ಲ.

ರಾಚಪ್ಪನವರು ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ಅಳಿಯನನ್ನು ನೋಡಿದರು. “ಅಂದ್ರ ನೀವ್ ಸೊಕ್ಕಿನವ್ರಲ್ಲ. ತಾಳ ತಪ್ಪಿದವ್ರು.”

“ಹೌದ್ರಿ.”

“ಅದನ್ನ ಮದ್ಲ ಹೇಳೂದಲ್ಲೇನ್ರಿ?” ಅವರು ಚಪ್ಪಲಿ ಕಳಚಿ ಒಳಗೆ ಬಂದರು. ನಿಂತು ಮುಂದೆ ನೋಡಿದರು, ಹಿಂದೆ ನೋಡಿದರು, ಕುರ್ಚಿಯನ್ನು ಎತ್ತಿ ದಿಕ್ಕು ಬದಲಿಸಿ ಕುಳಿತರು. “ಹಚ್ರಿ ಈಗ.”

ಸ್ಪೀಕರ್‌ಗಳ ನಡುವಿನ ಅಳತೆಗಾಗಿ ಎಷ್ಟೋ ಭಾನುವಾರ ಟೇಪು ಹಿಡಿದು ನೆಲದ ಮೇಲೆ ಹರಿದಾಡಿದ್ದ ಗಜಾನನನಿಗೆ ಕುರ್ಚಿ ತಿರುಗುತ್ತದೆ ಎಂಬುದು ಹೊಳೆದಿರಲಿಲ್ಲ. ಹಾಡು ಹಚ್ಚಿದ. ಮಾವ ಈಗ ಮಾವನ ಎದುರಿಗೆ ಬಂದು ಹಾಡಿದರು. ಸತ್ತೆಪ್ಪನ ದನಿ ಬೆನ್ನ ಹಿಂದಿನಿಂದ ಅದನ್ನು ಹಿಡಿಯಿತು.

“ಹಾಂ! ಈಗ ಜಾಗಾಕ ಹೋದಾ ಮಗಾ!” ರಾಚಪ್ಪನವರು ತೊಡೆ ತಟ್ಟಿಕೊಂಡು ತಮ್ಮದೇ ದನಿಯ ಮೇಲೆ ದನಿ ಏರಿಸಿ ಹಾಡತೊಡಗಿದರು. ಸಾಲು ಮುಗಿದಾಗ ಹಿಂದಕ್ಕೆ ಕೈ ಬೀಸಿದರು. ಕೂರಲು ಬೇರೆ ಜಾಗವಿಲ್ಲದೆ ಗಜಾನನ ಅಲ್ಲೇ, ಕುರ್ಚಿಯ ಹಿಂದೆ ನಿಂತಿದ್ದ. ಕೈ ಬೀಸಿದ್ದು ತನಗೇ ಎಂದು ತಿಳಿಯುವಷ್ಟರಲ್ಲಿ ಸತ್ತೆಪ್ಪ ಹಾಡಿ ಮುಗಿಸಿದ್ದ. ಆಮೇಲೆ ಇವನ ಗಂಟಲಿಂದ ಏನೋ ಒಂದು ಹೊರಟಿತು.

“ಸತ್ತೆಪ್ಪಗಿಂತ ಕಡಿಮಿ ಐತಿ,” ಎಂದರು ಮಾವ, ತಿರುಗಿಯೂ ನೋಡದೆ. “ಇರ್ಲಿ, ಮತ್ತೊಮ್ಮೆ.”

ಮೂಡಲಗಿಯ ಸಂಜೆಯ ಬಸ್ಸು ಹೋಯಿತು. ಅಡುಗೆಮನೆಯಲ್ಲಿ ರಾಧಿಕಾ ರೊಟ್ಟಿ ಬಡಿಯುವ ಸಪ್ಪಳ ಪದದ ತಾಳಕ್ಕೆ ಕೂಡಿಕೊಂಡಿತು. ಮನೆಯಲ್ಲಿ ಹುಡುಕಿದರೂ ಚೂರು ಮೌನ ಉಳಿದಿರಲಿಲ್ಲ.

“ನಾಳೆ ಸತ್ತೆಪ್ಪನ್ನ ಕರಸ್ರಿ,” ಎಂದರು ರಾಚಪ್ಪನವರು, ಬೆವರು ಒರೆಸಿಕೊಳ್ಳುತ್ತ. “ಅಂವಾ ಕೇಳ್ಬೇಕಿದನ್ನ. ಕುರ್ಚಿ ತಿರವಾಕ ಹೋದ್ರ ನೀವ್ ಗಟ್ಟಿ ಹಿಡ್ಕೊಂಡು ನಿಂದರ್ರಿ. ಅಂದಂಗ, ರಾತ್ರಿ ನಾ ಎಲ್ಲೆ ಮಕ್ಕೋಬೇಕ್ರಿ?”

ಗಜಾನನ “ಹೂಂ” ಎನ್ನಲು ಹೋಗಿ ತಡೆದುಕೊಂಡ. “ಇಲ್ಲೇ ಮಾವಾರ, ಹಾಲಿನ್ಯಾಗ,” ಎಂದು ಹೇಳಿ, ಸೋಫಾಕ್ಕೆ ಜಾಗ ಮಾಡಲು ಹಿಂದಿನ ಸ್ಪೀಕರಿನ ವಾಯರ್ ಕೀಳತೊಡಗಿದ.