ಅಳಿಸಲೇ ಎಂದು ಕೇಳಿದ ಕಂಪ್ಯೂಟರು

ಲಿಫ್ಟ್ ರಿಪೇರಿಯ ಕೆಲಸದಿಂದ ನಿವೃತ್ತನಾದ ಮೇಲೆ ತಾತನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಬಿಗಿಯಾಗಿದ್ದ ಬಾಗಿಲ ಹಿಡಿಗಳನ್ನೆಲ್ಲ ಇನ್ನೊಮ್ಮೆ ಬಿಗಿ ಮಾಡಿದ. ನೆಟ್ಟಗೆ ನಡೆಯುತ್ತಿದ್ದ ಗಡಿಯಾರವನ್ನು ಬಿಚ್ಚಿ ಕೆಡಿಸಿದ. "ಅಪ್ಪಾ, ಕೈ ಅಷ್ಟು ತುರಿಸ್ತಿದ್ರೆ ನನ್ನ ಹಳೇ ಕಂಪ್ಯೂಟರ್ ನೋಡಿ. ಮಗೂಗಾದ್ರೂ ಆಗುತ್ತೆ," ಎಂದು ನರ್ಸ್ ಮಗಳು ಡ್ಯೂಟಿಗೆ ಹೊರಡುತ್ತ ಹೇಳಿದ್ದೇ ತಡ, ಮುದುಕ ಅಟ್ಟ ಹತ್ತಿದ.

ಆ ಕಂಪ್ಯೂಟರಿನ ಗುಂಡಿ ಒತ್ತಿದರೆ, ತೆರೆ ಬೆಳಗುವಷ್ಟರಲ್ಲಿ ಕಾಫಿ ಕುಡಿದು ಲೋಟ ತೊಳೆದಿಡಬಹುದಿತ್ತು. "ವಿಂಡೋಸ್ ತೆಗೆದು ಲಿನಕ್ಸ್ ಹಾಕಿ. ಹಗುರ ಅದು, ಮುದಿ ಯಂತ್ರದಲ್ಲೂ ಓಡುತ್ತೆ," ಎಂದು ಗ್ರಂಥಾಲಯದ ಮೇಡಂ ಹೇಳಿ, ಅದನ್ನು ಪೆನ್‌ಡ್ರೈವಿಗೆ ತುಂಬಿ, ಏನೇನು ಒತ್ತಬೇಕೆಂದು ಚೀಟಿಯಲ್ಲಿ ಬರೆದೂ ಕೊಟ್ಟರು.

ಚೀಟಿಯಲ್ಲಿದ್ದಂತೆಯೇ ಎಲ್ಲ ನಡೆಯಿತು. ಯಾವ ಭಾಷೆ ಎಂದು ಕೇಳಿತು, ಕನ್ನಡ ಒತ್ತಿದ. ಆಮೇಲೆ ಇನ್ನೊಂದು ಕೇಳಿತು: ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಲೇ?

ತಾತನ ಬೆರಳು ಮೌಸಿನ ಮೇಲೆ ಹಾಗೇ ನಿಂತಿತು. ಮೂವತ್ತೆರಡು ವರ್ಷದಲ್ಲಿ, "ಒಳಗ್ಯಾರಾದ್ರೂ ಇದ್ದೀರಾ?" ಎಂದು ಮೂರು ಸಲ ಕೂಗದೆ ಒಂದು ಲಿಫ್ಟಿನ ಕರೆಂಟನ್ನೂ ತೆಗೆದವನಲ್ಲ ಅವನು. ಇದರೊಳಗೆ ಮಗಳದ್ದು ಏನೇನಿದೆಯೋ! ಡಿಸ್ಕನ್ನು ತೆರೆದು ನೋಡಿದ. ನೂರಾರು ಕಡತ, ಒಂದರ ಹೆಸರೂ ತಲೆಬುಡ ಅರ್ಥವಾಗಲಿಲ್ಲ.

ಮಗಳಿಗೆ ಫೋನ್ ಮಾಡಿದ. ಎತ್ತಲಿಲ್ಲ. ನೀರು ಕುಡಿದು ಬಂದು ಮತ್ತೆ ಮಾಡಿದ. ಕಿಟಕಿಯ ತನಕ ಹೋದ, ಬಂದ. ತೆರೆಯ ಮೇಲೆ ಅದೇ ಪ್ರಶ್ನೆ. ಮೊಮ್ಮಗಳು ಚಿಟ್ಟೆ ಸ್ಕೂಲಿಂದ ಬರಲು ಇನ್ನೊಂದೇ ಗಂಟೆ. ಮೈಮೇಲೆ ಇರುವೆ ಹರಿದಂತಾಯಿತು. ಬೀಗದ ಕೈಯನ್ನು ಪಕ್ಕದ ಮನೆಗೆ ಕೊಟ್ಟು ಆಸ್ಪತ್ರೆಯ ಬಸ್ಸು ಹತ್ತಿಯೇ ಬಿಟ್ಟ. ಸೀಟು ಖಾಲಿಯಿದ್ದರೂ ನಿಂತೇ ಹೋದ.

ವಾರ್ಡಿನ ಬಾಗಿಲಲ್ಲಿ ಅಪ್ಪನನ್ನು ಕಂಡು ಮಗಳ ಮುಖ ಬಿಳಿಚಿಕೊಂಡಿತು. "ಅಪ್ಪಾ! ಮಗೂಗೆ ಏನಾಯ್ತು?"

"ಏನೂ ಆಗಿಲ್ಲಮ್ಮ. ಕಂಪ್ಯೂಟರಲ್ಲಿ ನಿಂದೇನಾದ್ರೂ ಇದ್ಯಾ? ಎಲ್ಲಾ ಅಳಿಸ್ಬೇಕಂತೆ."

ಅವಳು ಗೋಡೆಗೊರಗಿ ಉಸಿರು ಬಿಟ್ಟಳು. "ಅಷ್ಟಕ್ಕೆ ಇಲ್ಲೀತನಕ ಓಡಿ ಬಂದ್ರಾ? ಜೀವ ಬಾಯಿಗೆ ಬಂದಿತ್ತು ನಂಗೆ!" ಆಮೇಲೆ ಸಿರಿಂಜಿನ ಟ್ರೇ ಕೈ ಬದಲಿಸಿಕೊಂಡು, "ಫೋಟೋ ಎಲ್ಲ ಯಾವತ್ತೋ ಬೇರೆ ಕಡೆ ಇಟ್ಕೊಂಡಿದೀನಿ. ಅದರಲ್ಲಿರೋದು ಬರೀ ಹಳೇ ಕೆಲಸದ ಅರ್ಜಿಗಳು. ಅಳಿಸಿ, ಪೀಡೆ ತೊಲಗಲಿ," ಅಂದಳು.

ಮನೆಗೆ ಬಂದರೆ ಚಿಟ್ಟೆ ಯೂನಿಫಾರಂ ಕೂಡ ಬಿಚ್ಚದೆ ಕಂಪ್ಯೂಟರಿನ ಮುಂದೆ. ತೆರೆಯ ಮೇಲೆ ಹಸಿರು ಪಟ್ಟಿ ಮುಕ್ಕಾಲು ಪಾಲು ತುಂಬಿತ್ತು.

"ಅಳಿಸಲಾ ಅಂತ ಕೇಳ್ತಿತ್ತು ತಾತ. ಹೂಂ ಅಂದೆ. ಆಮೇಲೆ ಹೆಸರು, ಪಾಸ್‌ವರ್ಡ್ ಕೇಳ್ತು, ಹಾಕ್ದೆ."

ತಾತ ತಲೆಯ ಮೇಲೆ ಕೈ ಹೊತ್ತು ಕುಸಿದ. "ಅಮ್ಮಂದೇನಾದ್ರೂ ಇದ್ದಿದ್ರೆ ಏನೇ ಗತಿ? ಒಂದು ಮಾತು ಕೇಳೋದಲ್ವಾ?"

"ಯಾರನ್ನ ಕೇಳ್ಲಿ? ಮನೇಲಿ ಯಾರಿದ್ರು?"

ತಾತ ಅವಳ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತ. ಪಟ್ಟಿ ತುಂಬುವ ತನಕ ಅವನ ಮೊಣಕಾಲು ಕುಣಿಯುತ್ತಲೇ ಇತ್ತು. ಯಂತ್ರ ಒಮ್ಮೆ ಆರಿತು. ಮತ್ತೆ ಹತ್ತಿತು, ಐವತ್ತು ಎಣಿಸುವುದರೊಳಗೆ ತೆರೆ ಬೆಳಗಿ, ಚಿಟ್ಟೆಯ ಹೆಸರಿನ ಕೆಳಗೆ ಪಾಸ್‌ವರ್ಡ್ ಕೇಳಿತು.

"ಏನಿಟ್ಟಿದೀಯ?"

"ಯಾರಿಗೂ ಹೇಳ್ಬಾರ್ದು ಅಂತ ಟೀಚರ್ ಹೇಳಿದಾರೆ. ಆ ಕಡೆ ತಿರುಗು ತಾತ."

ತಾತ ಗೋಡೆಯ ಕಡೆ ತಿರುಗಿ ನಿಂತ. ಹಿಂದೆ ಕೀಲಿಗಳು ಟಕಟಕ ಸದ್ದು ಮಾಡಿದವು.