ಬೆಕ್ಕು ಮೂಸದ ಕಾಫಿ

"ಇದು ಕಾಫಿಯೋ, ಸುಂಗಟೆ ಮೀನಿನ ಸಾರೋ? ನೀನೇ ಹೇಳು ಹೀರಕ್ಕ!"

ಮಧುಕರ ಕಪ್ಪನ್ನು ಮೇಜಿನ ಮೇಲೆ ಕುಕ್ಕಿದ ರಭಸಕ್ಕೆ ಅರ್ಧ ಕಾಫಿ ಹೊರಗೆ ಚೆಲ್ಲಿತು.

"ಬಾಯಿ ಅದೆ ಅಂತ ಎಂತ ಬೇಕಾದ್ರೂ ಹೇಳ್ಬೇಡ." ಹೀರಾ ಸೊಂಟಕ್ಕೆ ಕೈಕೊಟ್ಟು ನಿಂತಳು. "ಮೂಗು ಕಟ್ಟಿದ್ರೆ ಡಾಕ್ಟರ್ ಹತ್ರ ಹೋಗು. ಅಗಸೂರಿನ ಹರಿಶ್ಚಂದ್ರನ ಮನೆಯವ್ರು ಒಂದೊಂದೇ ಕೆಂಪು ಹಣ್ಣು ಹೆಕ್ಕಿ ಕೊಯ್ದದ್ದು ನಾ ಕಣ್ಣಾರೆ ನೋಡಿದ್ದೆ."

"ಹಣ್ಣು ಕೆಂಪೇ ಇರ್ಲಿ, ನೀಲಿಯೇ ಇರ್ಲಿ, ಒಣಮೀನು ನಾರ್ತದೆ! ನಾನೂ ಮೀನು ತಿಂದೇ ಬೆಳೆದವ ಮಾರಾಯ್ತಿ. ಮೀನು ಊಟದ ಬಟ್ಟಲಲ್ಲಿ ಇರ್ಬೇಕು, ಕಾಫಿ ಕಪ್ಪಲ್ಲಿ ಅಲ್ಲ. ಆಯಿತವಾರ ಪಣಜಿಯಿಂದ ರೂಪಾಲಿಬಾಯಿ ಬತ್ತಾಳೆ. ಅವಳ ಎದುರು ಇದನ್ನ ಇಟ್ರೆ ಅಗಸೂರಿನ ಹೆಸರೇ ಹೋಗ್ತದೆ."

"ಹೋಗೂಕೆ ಬಿಟ್ರೆ ತಾನೇ!" ಎಂದು ಹೀರಾ ಆ ಕಾಫಿ ಬೀಜದ ಪೊಟ್ಟಣವನ್ನು ಕಸಿದುಕೊಂಡು ಹೊರಟಳು.

ಮಧುಕರನದು ಕಾರವಾರದ ಶಿರವಾಡದಲ್ಲಿ ಕಾಫಿ ಹುರಿಯುವ ಸಣ್ಣ ಅಂಗಡಿ. ಹೀರಾ ಕಾಫಿಯವಳಲ್ಲ, ಒಣಮೀನಿನವಳು. ಕಾರವಾರದ ಮೀನು ಪೇಟೆಯಲ್ಲಿ ಕೂತು ಮಾರುವುದು, ವಾರಕ್ಕೊಮ್ಮೆ ಹೆಡಿಗೆ ಹೊತ್ತು ಅಂಕೋಲೆಯ ಅಗಸೂರಿಗೆ ಹೋಗುವುದು, ಮೀನು ಕೊಟ್ಟು ಅಕ್ಕಿ, ತೆಂಗಿನಕಾಯಿ ತರುವುದು. ಅವಳ ತಾಯಿಯೂ ಅದನ್ನೇ ಮಾಡಿದವಳು. ಅಗಸೂರಿನ ಗುಡ್ಡದ ಓಣಿಗಳಲ್ಲಿ ಯಾರ ಮನೆಯ ಹಿತ್ತಿಲಲ್ಲಿ ಹಲಸಿನ ಮರದ ನೆರಳಿಗೆ ಕಾಫಿ ಗಿಡ ಇದೆ, ಯಾರ ನಾಯಿ ಕಚ್ಚುತ್ತದೆ, ಎಲ್ಲ ಅವಳಿಗೆ ಗೊತ್ತು. ಅದಕ್ಕೇ ಅಲ್ಲಿಯ ಕಾಫಿ ತರಿಸಲು ಮಧುಕರ ಅವಳನ್ನು ಹಿಡಿದಿದ್ದ.

ಅಲ್ಲಿಯವರ ಕಾಫಿ ಅಷ್ಟಷ್ಟೇ. ಒಂದು ಮನೆಯದ್ದು ಚೀಲವೂ ತುಂಬುವುದಿಲ್ಲ. ವ್ಯಾಪಾರಿಗಳು ಕಾಯಿ, ಹಣ್ಣು ಎಲ್ಲ ಒಟ್ಟಿಗೆ ತುರುಕಿಕೊಂಡು ಹೋಗುತ್ತಿದ್ದರು. ಅದು ಯಾವ ಊರಿನದು ಎಂದು ಕುಡಿದವನಿಗೂ ಗೊತ್ತಾಗುತ್ತಿರಲಿಲ್ಲ, ಬೆಳೆದವನಿಗೂ ಬೇಕಿರಲಿಲ್ಲ. ರೂಪಾಲಿ ಹಾಗಲ್ಲ. ಸಣ್ಣ ಬೆಳೆಗಾರರ ಒಳ್ಳೆಯ ಕಾಫಿ ಹುಡುಕಿ, ಕುಡಿದು ನೋಡಿ, ಊರಿನ ಹೆಸರು ಹಾಕಿ ಪರದೇಶಕ್ಕೆ ಕಳಿಸುವವಳು. "ಈ ಸಲ ವ್ಯಾಪಾರಿಗೆ ಕೊಡ್ಬೇಡಿ, ಹಣ್ಣು ಮಾತ್ರ ಕೊಯ್ದು ಒಣಗ್ಸಿ, ಜೋಪಾನ ಮಾಡಿ, ಮಾರ್ಸೂಕೆ ನಾ ಅದ್ನೆ" ಎಂದು ಹೀರಾ ಮನೆಮನೆಗೆ ಮಾತು ಕೊಟ್ಟಿದ್ದಳು. ರೋಬಸ್ಟಾದಂಥ ಅಗ್ಗದ ಜಾತಿಯ ಕಾಫಿಯನ್ನು ಇಷ್ಟು ನಾಜೂಕಾಗಿ ಯಾರು ಕೊಯ್ಯುತ್ತಾರೆ ಎಂದು ನಕ್ಕವರೂ ಕೊನೆಗೆ ಅವಳ ಮುಖ ನೋಡಿ ಒಪ್ಪಿದ್ದರು. ಈಗ ರೂಪಾಲಿ ಬೇಡ ಎಂದರೆ ಆ ಓಣಿಗಳಲ್ಲಿ ಹೀರಾ ಮತ್ತೆ ಮುಖ ಎತ್ತಿ ನಡೆಯುವ ಹಾಗಿರಲಿಲ್ಲ.

ದಾರಿಯಲ್ಲಿ ಮೀನು ಪೇಟೆ ಹೊಕ್ಕು, ಪಕ್ಕದ ಜಾಗದ ಮಂಜಿಯ ಮೂಗಿಗೆ ಪೊಟ್ಟಣ ಹಿಡಿದಳು. ಕೂರುವ ಜಾಗದ ಬಗ್ಗೆ ಇಬ್ಬರಿಗೂ ದಿನಾ ಜಗಳ. ಆದರೂ ಕೇಳಲು ಬೇರೆ ಯಾರಿದ್ದಾರೆ?

"ಎಂತಾ ವಾಸನೆ ಬತ್ತದೆ ಹೇಳು."

ಮಂಜಿ ಉದ್ದಕ್ಕೆ ಉಸಿರೆಳೆದಳು. "ಕಾಫಿದು."

"ಮೀನಿಂದು?"

"ಎಲ್ಲಿ ಮೀನು? ಹುಚ್ಚು ಹಿಡೀತಾ ನಿಂಗೆ? ನಿನ್ನ ಹೆಡಿಗೆ ತೆಗೀ ಮೊದ್ಲು, ನನ್ನ ಜಾಗಕ್ಕೆ ಬಂದದೆ!"

ಹೀರಾಗೆ ಆಗ ಹೊಳೆಯಿತು. ಹುಟ್ಟಿದಾಗಿಂದ ಬಂಗಡೆಯ ನಡುವೆ ಬದುಕಿದ ಮೂಗು ಇದನ್ನು ಹಿಡಿಯುವುದಿಲ್ಲ. ತನ್ನದೂ ಅಷ್ಟೇ, ಮಂಜಿಯದೂ ಅಷ್ಟೇ. ಹೆಡಿಗೆ ಅಲ್ಲೇ ಬಿಟ್ಟು ಅಂಕೋಲೆಯ ಬಸ್ಸು ಹತ್ತಿದಳು. ಅಲ್ಲಿಂದ ಹುಬ್ಬಳ್ಳಿ ಬಸ್ಸಿನಲ್ಲಿ ಅಗಸೂರು.

ಹರಿಶ್ಚಂದ್ರನ ಮನೆಯ ಅಂಗಳಕ್ಕೆ ಕಾಲಿಡುವಾಗ ಅವನ ಹೆಂಡತಿ ಹೊನ್ನು ಒಣಗಿದ ಕಾಫಿಯ ಬುಟ್ಟಿ ಸೊಂಟಕ್ಕಿಟ್ಟು ಏಣಿಯ ಮೊದಲ ಮೆಟ್ಟಿಲ ಮೇಲಿದ್ದಳು.

"ಎಲ್ಲಿಗೆ ಹೊತ್ತೆ ಅದನ್ನ?"

"ಅಟ್ಟಕ್ಕೆ. ಕಡೇ ಕೊಯ್ಲು ಇದು, ಒಣಗ್ತು."

"ಮೊದಲಿನ ಕೊಯ್ಲೂ ಅಟ್ಟದ ಮೇಲೇಯಾ?"

"ಮತ್ತೆಲ್ಲಿ ಇಡೂದು? ಜೋಪಾನ ಮಾಡಿ ಅಂದವ್ಳು ನೀನೇ ಅಲ್ದಾ?" ಹೊನ್ನು ಹೆಮ್ಮೆಯಿಂದ ಕತ್ತೆತ್ತಿ ತೋರಿಸಿದಳು. "ಇಲಿ ಬರೂದಿಲ್ಲ, ತಂಡಿ ಬರೂದಿಲ್ಲ. ನೀ ಕೊಟ್ಟ ಮೀನಿನ ಪಕ್ಕದಲ್ಲೇ ಇಟ್ಟಿದ್ದೆ."

ಒಲೆಯ ಮೇಲಿನ ಅಟ್ಟದಲ್ಲಿ ಮಳೆಗಾಲಕ್ಕೆಂದು ಕಟ್ಟಿಟ್ಟ ಒಣಬಂಗಡೆಯ ಗಂಟುಗಳು. ಅವುಗಳಿಗೆ ಒರಗಿ, ಅಣ್ಣತಮ್ಮಂದಿರ ಹಾಗೆ, ಕಾಫಿಯ ಚೀಲ. ಮನೆಯಲ್ಲಿ ಅತಿ ಬೆಲೆಯುಳ್ಳದ್ದರ ಜೊತೆ ಅತಿ ಬೆಲೆಯುಳ್ಳದ್ದು. ಇಂಥ ತಪ್ಪನ್ನು ಬೇರೆ ಊರಿನವರು ಮಾಡಲಿಕ್ಕಿಲ್ಲ.

"ಅಯ್ಯೋ ನಿಮ್ಮ ತಲೆ ಸುಡ್ಲಿ!" ಹೀರಾ ಹೊನ್ನುವನ್ನು ಸರಿಸಿ ಏಣಿ ಹತ್ತಿ, ಆ ಚೀಲವನ್ನು ಅಂಗಳಕ್ಕೆ ಇಳಿಸಿದಳು.

ವಿಷಯ ಕೇಳಿ ಹರಿಶ್ಚಂದ್ರ ಕೂಗಾಡಿದ. "ಮೀನು ತಂದವ್ಳು ನೀನು, ಕಾಫಿ ಇಡಿ ಅಂದವ್ಳು ನೀನು, ಈಗ ತಪ್ಪು ನಮ್ದಾ? ವ್ಯಾಪಾರಿಗೆ ಕೊಟ್ಟಿದ್ರೆ ಇಷ್ಟೊತ್ತಿಗೆ ಕೈ ತೊಳ್ಕೊಂಡು ಕೂತಿರ್ತಿದ್ದೆ!"

"ಕೂಗ್ಬೇಡ! ನಂಗೂ ಕೂಗೂಕೆ ಬತ್ತದೆ!"

ಇಬ್ಬರೂ ಗಂಟಲು ಸೋಲುವವರೆಗೆ ಕೂಗಿದರು. ಆಮೇಲೆ ಹೊನ್ನು ಕೊಟ್ಟ ಮಜ್ಜಿಗೆ ಕುಡಿದರು. ಕಡೇ ಕೊಯ್ಲು ಇನ್ನೂ ಅಟ್ಟ ಹತ್ತಿಲ್ಲವಲ್ಲ! ಬೇರೆ ಮನೆಗಳಲ್ಲೂ ಅಂಗಳದಲ್ಲಿ ಇರುವುದು ಇದ್ದೀತು. ಆದರೆ ಯಾವುದು ಹತ್ತಿ ಇಳಿದಿದೆ, ಯಾವುದು ಇಲ್ಲ, ಹೇಗೆ ತಿಳಿಯುವುದು? ಕೇಳಿದರೆ ಎಲ್ಲರೂ ನಮ್ಮದು ಶುದ್ಧ ಎನ್ನುತ್ತಾರೆ. ಮೂಸಿ ನೋಡೋಣ ಎಂದರೆ ಊರಿನಲ್ಲಿ ಆ ಮೂಗೇ ಇಲ್ಲ.

ಆಗ ಮನೆಯ ಬೆಕ್ಕು ಚಿಂಗಿ ಅಟ್ಟದಿಂದ ಇಳಿಸಿದ ಚೀಲಕ್ಕೆ ಕೆನ್ನೆ ಉಜ್ಜುತ್ತ ಗುರುಗುಡತೊಡಗಿತು. ಹೀರಾ ಅದನ್ನೇ ದಿಟ್ಟಿಸಿದಳು. ಹೊನ್ನುವಿನ ಬುಟ್ಟಿಯನ್ನು ಎಳೆದು ಅದರ ಮುಂದಿಟ್ಟಳು. ಚಿಂಗಿ ಒಮ್ಮೆ ನೋಡಿತು, ಆಕಳಿಸಿತು, ಬಾಲ ಎತ್ತಿ ಆಚೆ ಹೋಯಿತು.

"ಹರಿ, ಬೆಕ್ಕು ಎತ್ಕೋ."

"ಎಂತಕೆ?"

"ಎತ್ಕೋ ಅಂದೆ! ಹೊನ್ನು, ಇದಕ್ಕೆ ಇವತ್ತು ಊಟ ಹಾಕ್ಬೇಡ."

ಆ ಮಧ್ಯಾಹ್ನ ಅಗಸೂರಿನ ಗುಡ್ಡದ ಓಣಿಯಲ್ಲಿ ನಡೆದ ಮೆರವಣಿಗೆ ಯಾವ ದೇವರಿಗೂ ಸಿಕ್ಕಿರಲಿಕ್ಕಿಲ್ಲ. ಮುಂದೆ ಬೆಕ್ಕನ್ನು ಕಂಕುಳಲ್ಲಿ ಹಿಡಿದ ಹರಿಶ್ಚಂದ್ರ, ಹಿಂದೆ ಹೀರಾ, ಅವರ ಹಿಂದೆ ಕೆಲಸ ಬಿಟ್ಟು ಬಂದ ಅರ್ಧ ಊರು. ಮನೆ ಮನೆಯ ಕಾಫಿ ಚಿಂಗಿಯ ಮುಂದೆ ಬಂತು. ಮೂಸಿ ನೆಕ್ಕಿದರೆ ಹಿಂದಕ್ಕೆ, ಮುಖ ತಿರುಗಿಸಿದರೆ ಆಯ್ಕೆ. ಮುದುಕ ಕುಪ್ಪನ ಕಾಫಿಯ ಮೇಲೆ ಚಿಂಗಿ ಹೊರಳಾಡಿಯೇ ಬಿಟ್ಟಿತು.

"ನಂದು ಅಟ್ಟ ಹತ್ತಲೇ ಇಲ್ಲ, ಆಣೆ!" ಎಂದ ಕುಪ್ಪ.

"ಆಣೆ ಬೆಕ್ಕಿಗೆ ಹೇಳು" ಎಂದಳು ಹೀರಾ.

"ಅಟ್ಟಕ್ಕಲ್ಲ ಮಾರಾಯ್ತಿ... ಮೀನಿನ ಬುಟ್ಟಿಲಿ ಒಂದ್ ರಾತ್ರಿ ಇಟ್ಟಿದ್ದೆ."

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಕುಪ್ಪನೂ ನಕ್ಕ. ಆಯ್ದ ಕಾಫಿಯನ್ನು ಎಲ್ಲಿಡುವುದು ಎಂದಾಗ ಹರಿಶ್ಚಂದ್ರ ಹೊಸ ಹುಲ್ಲು ತಂದು, ಅಕ್ಕಿ ಮುಡಿ ಕಟ್ಟುವ ಹಾಗೆಯೇ ಹಗ್ಗ ಸುತ್ತಿ ಸುತ್ತಿ ಕಾಫಿಯ ಮುಡಿ ಕಟ್ಟಿದ. ಚೆಂಡಿನ ಹಾಗೆ ಗುಂಡಗೆ ಕೂತಿತು. ಚಿಂಗಿ ಅದರ ಮೇಲೂ ಆಸೆ ತೋರಲಿಲ್ಲ. ಕೊನೆಗೆ ಹೊನ್ನು ಅದಕ್ಕೊಂದು ಇಡೀ ಬಂಗಡೆ ಕೊಟ್ಟಳು.

ಆಯಿತವಾರ ಹೀರಾ ಬೆಳಗ್ಗೆಯೇ ಗಂಗಾವಳಿ ಹೊಳೆಯಲ್ಲಿ ಸೀಗೆಕಾಯಿ ತಿಕ್ಕಿ ತಿಕ್ಕಿ ಮಿಂದಳು. ಹೊನ್ನುವಿನ ಸೀರೆ ಉಟ್ಟಳು. ಆದರೂ ಮೀನಿನ ವಾಸನೆ ಹೋಯಿತೆಂಬ ನಂಬಿಕೆ ಸಾಲದೆ ಶಿರವಾಡದ ಅಂಗಡಿಯ ಬಾಗಿಲಲ್ಲೇ ನಿಂತಳು. ಮುನ್ನಾದಿನವೇ ಬಂದಿದ್ದ ಮುಡಿಯ ಕಾಫಿಯನ್ನು ಮಧುಕರ ಸಿಪ್ಪೆ ತೆಗೆದು ಹುರಿದು ಇಟ್ಟಿದ್ದ. ಅದರಿಂದ ಮಾಡಿದ ಕಾಫಿಯನ್ನು ರೂಪಾಲಿ ಚಮಚದಲ್ಲಿ ತೆಗೆದು 'ಸುರ್ರ್' ಎಂದು ಜೋರಾಗಿ ಎಳೆದುಕೊಂಡಳು.

"ಕಲಿತವ್ರೂ ನಮ್ಮ ಹಾಂಗೇ ಉಣ್ತರು" ಎಂದು ಅವಳ ಜೊತೆ ಬಂದು ಹೊಸ್ತಿಲಲ್ಲಿ ಕೂತಿದ್ದ ಹರಿಶ್ಚಂದ್ರ ಪಿಸುಗುಟ್ಟಿದ.

"ಬಾಯಿ ಮುಚ್ಚು!" ಹೀರಾ ಅವನ ತೋಳು ಚಿವುಟಿದಳು.

ರೂಪಾಲಿ ಕಣ್ಣು ಮುಚ್ಚಿದಳು, ಮತ್ತೊಂದು ಚಮಚ ಎಳೆದಳು. "ಬೆಲ್ಲ" ಎಂದಳು. "ಕಡೆಯಲ್ಲಿ ಸ್ವಲ್ಪ ಹುಳಿ... ಮುರುಗಲ ಹಣ್ಣಿಂದು. ಮಧುಕರ, ರೋಬಸ್ಟಾದಲ್ಲಿ ಇಷ್ಟು ಶುದ್ಧ ರುಚಿ ನಾನು ನೋಡಿದ್ದು ಕಡಿಮೆ."

"ಮುರುಗಲ ಮರ ನಮ್ಮ ಬೇಲಿಲೇ ಅದೆ ಬಾಯಿ!" ಹರಿಶ್ಚಂದ್ರ ಎದ್ದೇ ನಿಂತ.

"ಕಾಫಿ ಪರೀಕ್ಷೆ ಮಾಡೋದು ಹೇಗೆ ನೀವು?" ಎಂದು ರೂಪಾಲಿ ಕೇಳಿದಳು.

"ಮಷೀನ್ ಅದೆ. ಹಾಲು ಕುಡೀತದೆ" ಎಂದ ಹರಿಶ್ಚಂದ್ರ.

ಕತೆ ಕೇಳಿ ರೂಪಾಲಿ ಚಮಚ ಕೆಳಗಿಟ್ಟು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಇದ್ದಷ್ಟನ್ನೂ ತೆಗೆದುಕೊಂಡಳು. ಅಗಸೂರಿನ ಹೆಸರಲ್ಲೇ ಹೋಗುತ್ತದೆ, ಮುಂದಿನ ವರ್ಷದ್ದೂ ತನಗೇ ಬೇಕು ಎಂದಳು. ಆಮೇಲೆ ಹೀರಾಳತ್ತ ತಿರುಗಿದಳು. "ಒಂದೇ ಮಾತು ಅಕ್ಕಾ. ಮನೆಮನೆಗೆ ಹೋಗಿ ಕಾಫಿ ಮುಟ್ಟುವವರು ಮೀನು ಮುಟ್ಟಬಾರದು. ಎರಡರಲ್ಲಿ ಒಂದು."

ಮಧುಕರ ಕೆಮ್ಮಿದ. "ಬೇಕಾದ್ರೆ ನಾ ಬೇರೆಯವ್ರನ್ನ ಕಳಿಸ್ತೆ..."

"ಕಳಿಸು" ಎಂದ ಹರಿಶ್ಚಂದ್ರ. "ನಾಯಿ ಬಿಡ್ತೆ."

ಹೀರಾ ಬಾಗಿಲಿಂದಲೇ ತಿರುಗಿ ನಡೆದಳು. ಅವಳು ಜಗಳವಿಲ್ಲದೆ ಹೋದದ್ದನ್ನು ಮಧುಕರ ಅದೇ ಮೊದಲು ನೋಡಿದ್ದು.

ಮರುದಿನ ಬೆಳಗ್ಗೆ ಅವಳು ಮೀನು ಪೇಟೆಗೆ ಬರಿಗೈಯಲ್ಲಿ ಬಂದಳು. ದಿನಾ ಅವಳ ಕಾಲು ಸುತ್ತುವ ಪೇಟೆಯ ಬೆಕ್ಕುಗಳು ಒಂದೂ ಏಳಲಿಲ್ಲ. ಮಂಜಿ ಮಾತ್ರ ಎದ್ದಳು.

"ಬಂದ್ಯಾ ಮಹಾರಾಣಿ? ನಿನ್ನ ಹೆಡಿಗೆ ನನ್ನ ಜಾಗದಲ್ಲಿ ಹಾಂಗೇ ಬಿದ್ದದೆ! ನಾ ಎಂತ ನಿನ್ನ ಕೂಲಿಯವ್ಳಾ ಕಾಯೂಕೆ?"

ಹೀರಾ ತಾಯಿಯ ಕಾಲದ ಆ ಹೆಡಿಗೆಯ ಅಂಚನ್ನು ಒಮ್ಮೆ ಸವರಿದಳು. ಎತ್ತಿ ಮಂಜಿಯ ಮಡಿಲಿಗೆ ತಳ್ಳಿದಳು.

"ತಕೋ. ಹೆಡಿಗೆ ನಿಂದು, ಜಾಗ ನಿಂದು. ಅಗಸೂರಿಗೂ ಮೀನು ನೀನೇ ಒಯ್ಯಿ, ಅಲ್ಲಿಯವ್ರು ಕಾಯ್ತರು. ಕಾಫಿ ಹತ್ರ ಮಾತ್ರ ಹೋಗ್ಬೇಡ, ಬೆಕ್ಕು ಹಿಡಿದು ಕೊಡ್ತದೆ."

"ಏ, ಎಂತಾ ಆಯ್ತೇ ನಿಂಗೆ? ಏ ಹೀರಾ! ಜಗಳ ಅರ್ಧಕ್ಕೆ ಬಿಟ್ಟು ಎಲ್ಲಿಗೆ ಹೊಂಟೆ?"

ಹೀರಾ ನಗುತ್ತಲೇ ಹೋದಳು. ಸೆರಗು ಹಾರಿಸಿಕೊಂಡು, ತಲೆಯ ಮೇಲೆ ಏನೂ ಇಲ್ಲದ್ದಕ್ಕೆ ಕತ್ತು ನೆಟ್ಟಗೆ ನಿಲ್ಲದೆ, ಬಸ್ ಸ್ಟ್ಯಾಂಡಿನ ಕಡೆ.

"ನಾಳೆ ಬಾ, ಮಾಡ್ತೆ ನಿಂಗೆ!" ಎಂದು ಮಂಜಿ ಹಿಂದಿನಿಂದ ಕೂಗಿದಳು.

ಹೀರಾ ನಾಳೆಯೂ ಬರಲಿಲ್ಲ, ಆಮೇಲೂ ಬರಲಿಲ್ಲ. ಮಳೆಗಾಲದವರೆಗೂ ಮಂಜಿ ತನ್ನ ಹಳೆಯ ಗಡಿಯೊಳಗೇ ಕೂತಳು. ಪಕ್ಕದ ಖಾಲಿ ಜಾಗಕ್ಕೆ ಬುಟ್ಟಿ ಇಡಲು ಯಾರು ಬಂದರೂ ಬೈದು ಓಡಿಸಿದಳು.