ಹದಿನೇಳನೇ ತಟ್ಟೆ

ಕಂದು ಹನಿ ಲ್ಯಾಬಿನ ತಟ್ಟೆಯ ಅಂಚಿನಿಂದ ಒಳಗೆ ಹರಿಯುತ್ತ ಕಪ್ಪಾಗುತ್ತಿದೆ, ಅಯೋಡಿನ್ ಮುಟ್ಟಿದಲ್ಲೆಲ್ಲ ಪಿಷ್ಟ ಕಪ್ಪು, ನಡುವೆ ಬ್ಯಾಕ್ಟೀರಿಯಾದ ಒಂದೇ ಒಂದು ಬಿಳಿ ಚುಕ್ಕೆ, ಅದರ ಸುತ್ತ ತಿಳಿಯಾದ ಬಳೆ — ಅಬ್ಬಾ, ಸುತ್ತಲಿನ ಪಿಷ್ಟವನ್ನೆಲ್ಲ ತಿಂದು ಹಾಕಿದೆ, ಎರಡು ವರ್ಷದಲ್ಲಿ ಇಷ್ಟಗಲದ ಬಳೆ ಕಂಡೇ ಇಲ್ಲ, ಅಪ್ಪನಿಗೆ ಹೇಳಬೇಕು ಎಂದು ಅವಳ ಕೈ ಫೋನಿನವರೆಗೆ ಹೋಗಿ ನಿಂತಿತು, ಅಪ್ಪ ಹೋಗಿ ಹನ್ನೆರಡು ದಿನವಾಯಿತು, ಕೈಗಿನ್ನೂ ಗೊತ್ತಾಗಿಲ್ಲ. ಹದಿನೇಳನೇ ಮೀನು, ಅಪ್ಪ ಅಂಗಡಿಯಲ್ಲಿ ಕೊನೆಯದಾಗಿ ಕೊಯ್ದದ್ದು, ಹೊಟ್ಟೆ ಉಬ್ಬಿದ ಕೆರೆ ಮೀನು, ಒಂದೇ ಗೀರು, ಕರುಳು ಎಲ್ಲೂ ಹರಿಯದೆ ಸುರುಳಿಯಾಗಿ ಚೀಲಕ್ಕೆ, ಮಣಿಕಟ್ಟಿನ ರಬ್ಬರ್ ಬ್ಯಾಂಡುಗಳಲ್ಲೊಂದನ್ನು ಬಿಚ್ಚಿ ಚೀಲದ ಬಾಯಿ ಬಿಗಿದು, ತಗೋಳೇ ತಾಯಿ, ಊರೆಲ್ಲ ಮೀನು ಕೇಳತ್ತೆ, ನನ್ನ ಮಗಳು ಕರುಳು ಕೇಳ್ತಾಳೆ, ಗಿರಾಕಿಗಳು ಗೊಳ್ಳೆಂದಿದ್ದರು, ಅವಳು ನಾಚಿ ತಲೆ ತಗ್ಗಿಸಿದ್ದಳು, ಯಾಕೆ ನಾಚಬೇಕಿತ್ತು, ಒಮ್ಮೆ ತಲೆಯೆತ್ತಿ ಅವನ ಮುಖ ನೋಡಬಾರದಿತ್ತೇ. ಅಂಥದ್ದೇನಿರತ್ತೆ ಅದರೊಳಗೆ? ಬ್ಯಾಕ್ಟೀರಿಯಾ ಅಪ್ಪ, ಕಿಣ್ವ ಬಿಡ್ತವೆ, ಮೀನು ತಿಂದಿದ್ದನ್ನ ಅವೇ ಕರಗಿಸಿಕೊಡ್ತವೆ. ಹಾಗಾದ್ರೆ ನನಗೂ ಒಂದು ಚಮಚ ಕುಡಿಸೇ, ನನ್ನ ಹೊಟ್ಟೆ ಮುಷ್ಕರ ಹೂಡಿದೆ. ಆಗಲೇ ಅಪ್ಪ ಸೊರಗಿ ಅರ್ಧಕ್ಕಿಳಿದಿದ್ದ, ಆಸ್ಪತ್ರೆಯಲ್ಲಿ ನುಂಗಿದ್ದೆಲ್ಲ ನುಂಗಿದ ಹಾಗೇ ವಾಪಸ್, ಕೊನೆಗುಳಿದ ಬ್ಯಾಂಡ್ ತಾನಾಗಿಯೇ ಜಾರಿ ಬಿದ್ದು ಮಣಿಕಟ್ಟಿನ ಸುತ್ತ ಬೆಳ್ಳಗೊಂದು ಬಳೆ ಉಳಿದಿತ್ತು. ನಿನ್ನ ಮೀನಿನದ್ದು ಬದುಕಿದೆ ಅಪ್ಪ, ತಟ್ಟೆಯಲ್ಲಿ ಬೆಳೀತಿದೆ ಎಂದಾಗ ಕಣ್ಣು ಬಿಟ್ಟು, ಅದನ್ನಾದ್ರೂ ಜೋಪಾನವಾಗಿ ನೋಡ್ಕೋ — ಅಯ್ಯೋ, ಚುಕ್ಕೆ ಎತ್ತಿಡುವ ಕಡ್ಡಿ ಎಲ್ಲಿ? ಕಡ್ಡಿಗಳ ಡಬ್ಬಿ ಬಿಚ್ಚೇ ಇಲ್ಲ. ಪಕ್ಕದ ತಟ್ಟೆ, ಅವಳದೇ ಅಕ್ಷರದಲ್ಲಿ ಹದಿನೇಳು, ಒಳಗೆ ಏನೂ ಇಲ್ಲ. ಚುಕ್ಕೆಯನ್ನು ಕಡ್ಡಿಯಿಂದ ಮುಟ್ಟಿ ಇನ್ನೊಂದು ತಟ್ಟೆಗೆ ನೆಟ್ಟ ಮೇಲೇ ಅಯೋಡಿನ್, ಅಯೋಡಿನ್ ಯಾವುದನ್ನೂ ಬದುಕಗೊಡುವುದಿಲ್ಲ, ಹೊಸಬರಿಗೆಲ್ಲ ಅವಳೇ ಹೇಳಿಕೊಡುತ್ತಿದ್ದ ಪಾಠ, ಸುರಿಯುವಾಗ ಕಿವಿಯಲ್ಲಿ ಅಪ್ಪನ ಕೆಮ್ಮಿತ್ತು.

ಲ್ಯಾಬಿನ ಅಕ್ಕ ಓಡಿ ಬಂದಳು, ಅಳಬೇಡ ಬಾರೇ, ಆ ಚುಕ್ಕೆಯನ್ನೇ ಹೊಸ ತಟ್ಟೆಗೆ ಗೀರಿ ನೋಡೋಣ, ಒಂದೆರಡಾದ್ರೂ ಬದುಕಿರ್ತವೆ. ಗೀರಿದ್ದಾಯಿತು, ಎರಡು ದಿನ ಇನ್‌ಕ್ಯುಬೇಟರಿನ ಬಾಗಿಲು ತೆರೆದು ಮುಚ್ಚಿದ್ದಾಯಿತು, ಗೀರು ಗೀರಾಗಿಯೇ ಇದೆ, ಏನೂ ಬೆಳೆದಿಲ್ಲ. ಉಳಿದ ಕರುಳಿನ ರಸ ಎಲ್ಲಿ ಅಕ್ಕ? ನೀನು ಊರಲ್ಲಿದ್ದಾಗ ಫ್ರಿಜ್ ತೊಳೆದ್ವಲ್ಲ, ಹೆಸರಿನ ಚೀಟಿ ಇರಲಿಲ್ಲ, ಎಸೆದುಬಿಟ್ವಿ ಕಣೇ, ಹೋಗ್ಲಿ ಬಿಡು, ಮಾರ್ಕೆಟ್ ತುಂಬ ಅದೇ ಮೀನು, ಇನ್ನೊಂದು ತಂದ್ರಾಯ್ತು. ತರಬಹುದು, ಯಾರಾದರೂ ಕೊಯ್ದು ಕೊಡುತ್ತಾರೆ, ಕರುಳು ಕೇಳಿದರೆ ಅವರೂ ನಗುತ್ತಾರೆ. ಹಳೆಯ ತಟ್ಟೆಯ ಕಪ್ಪು ಮಾಸುತ್ತಿದೆ, ಅದು ಮಾಸಿದರೆ ಬಳೆಯೂ ಕಾಣುವುದಿಲ್ಲ, ಇನ್ನು ಕೊಲ್ಲುವುದಕ್ಕೇನಿದೆ, ಸೀಸೆ ಎತ್ತಿ ಮತ್ತೆ ಸುರಿದಳು, ಕಂದು, ಕಪ್ಪು, ಅದರೊಳಗಿಂದ ಮೆಲ್ಲಗೆ ಅದೇ ಬಳೆ, ಬೆಳ್ಳಗೆ, ಅಪ್ಪನ ಮಣಿಕಟ್ಟಿನಲ್ಲಿ ಬ್ಯಾಂಡ್ ಜಾರಿದ ಜಾಗ — ಬಳೆ —